ಮಳೆನೀರಿಗೂ ದಾರಿಯ ಹಕ್ಕು ಬರೆದುಕೊಡಿ

ಬೆಂಗಳೂರಿನ ಹೊರಮಾವು ಬಳಿಯ ಸಾಯಿ ಲೇಔಟ್‌ಗೆ 2025ರ ಮೇ ತಿಂಗಳಲ್ಲಿ ಮತ್ತೆ ನೀರು ನುಗ್ಗಿತು. ಮೇ 18ರ ರಾತ್ರಿ ನಗರದಲ್ಲಿ ಸುರಿದದ್ದು ನೂರು ಮಿಲಿಮೀಟರ್ ದಾಟಿದ ಮಳೆ. ನೆಲಮಹಡಿಯ ಮನೆಗಳು ಮುಳುಗಿದವು, ಜನರನ್ನು ಟ್ರ್ಯಾಕ್ಟರಿನಲ್ಲೂ ದೋಣಿಯಲ್ಲೂ ಹೊರಗೆ ಕರೆತರಬೇಕಾಯಿತು. ಬಡಾವಣೆ ತಗ್ಗಿನಲ್ಲಿದೆ ಎಂಬುದು ನಿಜ. ಆದರೆ ತಗ್ಗಿಗೆ ಬಂದ ನೀರು ಮುಂದಕ್ಕೆ ಹೋಗಬೇಕಾದರೆ ರಾಜಕಾಲುವೆ ರೈಲು ಹಳಿಯ ಅಡಿಯಿಂದ ದಾಟಬೇಕು. ಅಲ್ಲಿನ ವೆಂಟ್ (ನೀರು ದಾಟುವ ಕಿಂಡಿ) ಕಿರಿದಾಗಿದೆ, ಬರುವ ನೀರಿಗೆ ಅದು ಸಾಲದು ಎಂದು ಪಾಲಿಕೆಯೇ ಹೇಳುತ್ತ ಬಂದಿದೆ. ಹಳಿಯ ಆಚೀಚೆಗಿನ ಕಾಲುವೆ ಪಾಲಿಕೆಯ ಕೈಯಲ್ಲಿದೆ, ಹಳಿಯೂ ಅದರಡಿಯ ನೆಲವೂ ರೈಲ್ವೆಯ ಕೈಯಲ್ಲಿವೆ. ಎರಡೂ ಜನರ ಸ್ವತ್ತು, ಎರಡಕ್ಕೂ ತೆರಿಗೆ ಕಟ್ಟುವವರು ಅದೇ ಬಡಾವಣೆಯ ಜನ. ಹೀಗಿದ್ದೂ ಒಂದು ಸಾರ್ವಜನಿಕ ಸಂಸ್ಥೆಯ ನೀರು ಇನ್ನೊಂದು ಸಾರ್ವಜನಿಕ ಸಂಸ್ಥೆಯ ನೆಲವನ್ನು ದಾಟಲು ವರ್ಷಗಟ್ಟಲೆ ಕಾಯಬೇಕಾಗಿದೆ. ಈ ಸ್ಥಿತಿಗೆ ಮಳೆಯೊಂದನ್ನೇ ದೂರಿ ಸುಮ್ಮನಿರಲಾಗದು. ಜಮೀನು ಯಾವ ಇಲಾಖೆಯ ಹೆಸರಿನಲ್ಲೇ ಇರಲಿ, ಅದು ಸಾರ್ವಜನಿಕ ಜಮೀನಾಗಿದ್ದರೆ ಅದರ ಮೂಲಕ ಮಳೆನೀರು ಹಾಯ್ದುಹೋಗುವ ಹಕ್ಕನ್ನು ಕಾಯ್ದೆಯಲ್ಲೇ ಬರೆದುಕೊಡಬೇಕು. ಅಧಿಕಾರಿಯ ಮರ್ಜಿಗೆ ಬಿಟ್ಟ ಅನುಮತಿಯಿಂದ ಈ ಕೆಲಸ ಆಗುವುದಿಲ್ಲ.

ಇಕ್ಕಟ್ಟಾದ ಒಂದೇ ಒಂದು ಮೋರಿ ಎಷ್ಟು ಹಾನಿ ಮಾಡಬಲ್ಲದು ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಮನೆ, ರಸ್ತೆ, ಕಾಂಕ್ರೀಟ್ ಅಂಗಳಗಳಿಂದ ತುಂಬಿದ 250 ಎಕರೆಯ ಪ್ರದೇಶವೊಂದರ ನೀರೆಲ್ಲ ಒಂದೇ ಕಾಲುವೆಗೆ ಇಳಿಯುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಗಂಟೆಯಲ್ಲಿ 50 ಮಿ.ಮೀ. ಮಳೆ ಬಿದ್ದರೆ ಅಲ್ಲಿ ಸುರಿದ ನೀರು ಸುಮಾರು ಐದು ಕೋಟಿ ಲೀಟರ್. ಐದರಲ್ಲಿ ಒಂದು ಪಾಲು ಹೇಗೋ ಇಂಗಿತು ಎಂದರೂ ಉಳಿದ ನಾಲ್ಕು ಕೋಟಿ ಲೀಟರ್ ಕಾಲುವೆಗೆ ಬರುತ್ತದೆ, ಅಂದರೆ ಸೆಕೆಂಡಿಗೆ 11 ಸಾವಿರ ಲೀಟರ್. ಕಾಲುವೆ ಉದ್ದಕ್ಕೂ ಇಷ್ಟನ್ನು ಹೊರುವಷ್ಟು ಅಗಲವಾಗಿಯೇ ಇದೆ, ಒಂದು ಕಡೆ ಮಾತ್ರ ಮೋರಿಯ ಬಾಯಿ ಸೆಕೆಂಡಿಗೆ 6 ಸಾವಿರ ಲೀಟರನ್ನಷ್ಟೇ ಬಿಡುತ್ತದೆ. ಆಗ ಗಂಟೆ ಮುಗಿಯುವಷ್ಟರಲ್ಲಿ 1.8 ಕೋಟಿ ಲೀಟರ್ ನೀರು ಮೋರಿಯ ಹಿಂದೆ ನಿಂತುಬಿಡುತ್ತದೆ. 15 ಎಕರೆ ಬಡಾವಣೆಯ ಮೇಲೆ ಒಂದು ಅಡಿ ನೀರು ನಿಲ್ಲಲು ಅಷ್ಟು ಸಾಕು. ಹಿಂದಿನ ಕಾಲುವೆಯ ಹೂಳನ್ನು ಎಷ್ಟೇ ತೆಗೆಯಲಿ, ತಡೆಗೋಡೆಯನ್ನು ಎಷ್ಟೇ ಎತ್ತರಿಸಲಿ, ಈ ನೀರು ಇಳಿಯುವುದಿಲ್ಲ. ಹಿಂದಿನ ಕಾಲುವೆಯನ್ನು ಅಗಲ ಮಾಡಿದಷ್ಟೂ ನೀರು ಆ ಬಾಯಿಯ ಹತ್ತಿರಕ್ಕೆ ಇನ್ನಷ್ಟು ಬೇಗ ಬಂದು ಸೇರುತ್ತದೆ. ರಾಜಕಾಲುವೆಗಳಿಗೆ ಕೋಟಿಗಟ್ಟಲೆ ಸುರಿದ ಮೇಲೂ ಕೆಲವು ಬಡಾವಣೆಗಳು ಮಳೆಗಾಲ ಬಂದಾಗಲೆಲ್ಲ ಮುಳುಗುವುದಕ್ಕೆ ಇದೊಂದು ದೊಡ್ಡ ಕಾರಣ. ಕಾಮಗಾರಿ ನಡೆಯುವುದು ಪಾಲಿಕೆಯ ಗಡಿ ಇರುವವರೆಗೆ ಮಾತ್ರ. ಕಾಂಪೌಂಡಿನ ಆಚೆ ಏನಿದೆ ಎಂಬುದು ಇನ್ನೊಬ್ಬರ ಕಡತಕ್ಕೆ ಸೇರಿದ ವಿಷಯವಾಗುತ್ತದೆ.

ಕಾಲುವೆಗಳು ಎಷ್ಟು ನಶಿಸಿವೆ ಎಂಬುದಕ್ಕೆ ಸಿಎಜಿಯ 2021ರ ವರದಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. ಇಪ್ಪತ್ತನೇ ಶತಮಾನದ ಆರಂಭದ ನಕ್ಷೆಗಳಲ್ಲಿ ಕೋರಮಂಗಲ ಕಣಿವೆಯ ಕಾಲುವೆಗಳ ಉದ್ದ 113.24 ಕಿ.ಮೀ. ಇತ್ತು, 2016–17ರ ಹೊತ್ತಿಗೆ ಅದರಲ್ಲಿ 62.84 ಕಿ.ಮೀ. ಉಳಿದಿತ್ತು. ವೃಷಭಾವತಿ ಕಣಿವೆಯಲ್ಲಿ 226.29 ಕಿ.ಮೀ. ಇದ್ದದ್ದು 110.99 ಕಿ.ಮೀ.ಗೆ ಇಳಿದಿತ್ತು. ಈ ಅಂಕಿಗಳು ಹೊರಬಿದ್ದಾಗ ಎಲ್ಲರ ಬೆರಳು ತಿರುಗಿದ್ದು ಖಾಸಗಿ ಒತ್ತುವರಿದಾರರತ್ತ. ಒತ್ತುವರಿ ನಡೆದಿದೆ, ಅದನ್ನು ತೆರವು ಮಾಡಲೇಬೇಕು. ಆದರೆ ಬೆಂಗಳೂರಿನ ನೀರಿನ ದಾರಿಗಳನ್ನು ಕಟ್ಟಿದವರಲ್ಲಿ ಸರ್ಕಾರವೇ ಮೊದಲ ಸಾಲಿನಲ್ಲಿದೆ ಎಂಬುದನ್ನು ಮರೆಯಬಾರದು. ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಕೆಂಪೇಗೌಡ ಬಸ್ ನಿಲ್ದಾಣವಿದೆ. ಸಂಪಂಗಿ ಕೆರೆಯ ಅಂಗಳದಲ್ಲಿ ಕಂಠೀರವ ಕ್ರೀಡಾಂಗಣವಿದೆ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಕ್ರೀಡಾಂಗಣ ಎದ್ದಿದೆ. ಒಂದು ಕೆರೆಯ ಕೋಡಿ ನೀರು ಮುಂದಿನ ಕೆರೆಗೆ ಹರಿಯುವಂತೆ ಹೆಣೆದಿದ್ದ ಸರಪಳಿ ಇದು. ಆ ಸರಪಳಿಯ ಮೇಲೆ ನಿಲ್ದಾಣ, ಕ್ರೀಡಾಂಗಣ, ಹಳಿ, ಹೆದ್ದಾರಿ, ವಿಶ್ವವಿದ್ಯಾಲಯ, ಕಾರ್ಖಾನೆ, ಸೇನಾ ನೆಲೆ ಎಲ್ಲವೂ ಬಂದವು. ಇವೆಲ್ಲ ನಾಡಿಗೆ ಬೇಕಾದವೇ. ಇವುಗಳ ಕೆಳಗೆ ನೀರಿಗಾಗಿ ಎಷ್ಟು ಜಾಗ ಬಿಡಬೇಕು, ಬಿಟ್ಟ ಜಾಗವನ್ನು ಕಾಯುವವರು ಯಾರು ಎಂಬುದನ್ನು ಯಾರೂ ಬರೆದಿಡಲಿಲ್ಲ.

ನಮ್ಮ ಕಾನೂನಿಗೆ ನೀರಿನ ದಾರಿಯ ಅರಿವೇ ಇಲ್ಲ ಎಂದರೆ ತಪ್ಪಾಗುತ್ತದೆ. 1882ರ ಈಸ್‌ಮೆಂಟ್ ಕಾಯ್ದೆಯ 7ನೇ ಕಲಮು ಮೇಲಿನ ಜಮೀನಿನಲ್ಲಿ ಬಿದ್ದ ನೀರು ತಗ್ಗಿನ ಜಮೀನಿಗೆ ಸಹಜವಾಗಿ ಹರಿದುಹೋಗಲು ಕೆಳಗಿನ ಮಾಲೀಕ ಬಿಡಬೇಕು ಎನ್ನುತ್ತದೆ. ಬಹುಕಾಲದ ಬಳಕೆಯಿಂದಲೂ ಹಕ್ಕು ಹುಟ್ಟುತ್ತದೆ ಎಂದು ಅದೇ ಕಾಯ್ದೆಯ 15ನೇ ಕಲಮು ಹೇಳುತ್ತದೆ. ಖಾಸಗಿ ಜಮೀನಾದರೆ ಅದಕ್ಕೆ 20 ವರ್ಷ ಸಾಕು, ಸರ್ಕಾರಿ ಜಮೀನಾದರೆ 30 ವರ್ಷ ಬೇಕು. ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಹಳ್ಳ, ತೊರೆ, ನಾಲೆಗಳು ಸರ್ಕಾರದ ಸ್ವತ್ತು, ಗ್ರಾಮ ನಕ್ಷೆಯಲ್ಲಿ ಅವು ಖರಾಬು ಎಂದು ಗುರುತಾಗಿರುತ್ತವೆ. ಎಲ್ಲಕ್ಕಿಂತ ಸ್ಪಷ್ಟವಾಗಿ ಮಾತಾಡಿರುವುದು 1989ರ ರೈಲ್ವೆ ಕಾಯ್ದೆ. ಹಳಿ ಹಾಕುವ ಮುನ್ನ ನೀರು ಎಷ್ಟು ಸರಾಗವಾಗಿ ಹರಿಯುತ್ತಿತ್ತೋ ಹೆಚ್ಚುಕಡಿಮೆ ಅಷ್ಟೇ ಸರಾಗವಾಗಿ ಹರಿಯುವಂತೆ ಕಮಾನು, ಮೋರಿ, ಕಾಲುವೆಗಳನ್ನು ರೈಲ್ವೆಯೇ ಕಟ್ಟಿ ನಿರ್ವಹಿಸಬೇಕು ಎನ್ನುತ್ತದೆ ಅದರ 16ನೇ ಕಲಮು. ಅವುಗಳ ಅಳತೆ ಸಾಕೇ ಎಂಬುದರಲ್ಲಿ ರಾಜ್ಯ ಸರ್ಕಾರದ ಅಭಿಪ್ರಾಯಕ್ಕೆ ಬೆಲೆ ಕೊಟ್ಟಿದೆ. ಹೆಚ್ಚಿನ ಮೋರಿ ಬೇಕೆಂದರೆ ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ಖರ್ಚಿನಲ್ಲಿ ಮಾಡಿಸಿಕೊಡುವಂತೆ ಕೇಳಬಹುದು ಎಂಬುದು 17ನೇ ಕಲಮಿನಲ್ಲಿದೆ, ಭಿನ್ನಾಭಿಪ್ರಾಯ ಬಂದರೆ ಕೇಂದ್ರ ಸರ್ಕಾರ ತೀರ್ಮಾನಿಸುತ್ತದೆ.

ಇಷ್ಟೆಲ್ಲ ಇದ್ದೂ ಕೆಲಸ ಏಕೆ ಆಗುವುದಿಲ್ಲ ಎಂದು ಕೇಳಿದರೆ ಉತ್ತರವೂ ಈ ಕಲಮುಗಳ ಒಳಗೇ ಸಿಗುತ್ತದೆ. ಈಸ್‌ಮೆಂಟ್ ಕಾಯ್ದೆ ಕಾಪಾಡುವುದು ಹಿಂದಿನಿಂದ ತಾನಾಗಿ ಹರಿದುಬಂದ ನೀರನ್ನು. ಹೊಲಗಳಿದ್ದ ಕಾಲಕ್ಕೆ ಸಾಕಾಗಿದ್ದ ಮೋರಿಯನ್ನು ಇಂದಿನ ನಗರಕ್ಕೆ ತಕ್ಕಂತೆ ಹಿಗ್ಗಿಸುವ ಹಕ್ಕನ್ನು ಅದು ಕೊಡುವುದಿಲ್ಲ. ರೈಲ್ವೆ ಕಾಯ್ದೆ ಅಳೆಯುವುದೂ ಹಳಿ ಬರುವ ಮುಂಚಿನ ಹರಿವನ್ನೇ. ಹಳಿಯಲ್ಲಿ ಸಂಚಾರ ಶುರುವಾಗಿ ಹತ್ತು ವರ್ಷ ಕಳೆದ ಮೇಲೆ ಹೆಚ್ಚುವರಿ ಕಾಮಗಾರಿಯ ವೆಚ್ಚವನ್ನು ರೈಲ್ವೆಯ ಮೇಲೆ ಹೊರಿಸುವಂತಿಲ್ಲ. ಇನ್ನುಳಿದ ಇಲಾಖೆಗಳ ವಿಷಯದಲ್ಲಿ ಇಷ್ಟು ಕೂಡ ಇಲ್ಲ. ಅಲ್ಲಿ ನಡೆಯುವುದು ಪತ್ರ ವ್ಯವಹಾರ, ಜಂಟಿ ಸಮೀಕ್ಷೆ, ಮತ್ತೆ ಪತ್ರ, ನಿರಾಕ್ಷೇಪಣಾ ಪತ್ರಕ್ಕಾಗಿ ಕಾಯುವಿಕೆ, ಅಷ್ಟರಲ್ಲಿ ಅಧಿಕಾರಿಯ ವರ್ಗಾವಣೆ. ಯಾವ ಹಂತಕ್ಕೂ ಗಡುವಿಲ್ಲ. ಬೇಡ ಎಂದರೆ ಕಾರಣ ಬರೆದುಕೊಡಬೇಕೆಂಬ ನಿಯಮವೂ ಇಲ್ಲ. ಹೌದು ಎಂದವನ ಮೇಲೆ ನಾಳೆ ಲೆಕ್ಕಪರಿಶೋಧನೆಯ ಆಕ್ಷೇಪ ಬರಬಹುದು, ಸುಮ್ಮನೆ ಕೂತವನನ್ನು ಯಾರೂ ಪ್ರಶ್ನಿಸುವುದಿಲ್ಲ. ಹೀಗಿರುವಾಗ ಯಾವ ಅಧಿಕಾರಿ ತಾನೇ ಸಹಿ ಹಾಕುತ್ತಾನೆ? ತಪ್ಪಿರುವುದು ಆ ಅಧಿಕಾರಿಯ ಸ್ವಭಾವಕ್ಕಿಂತ ಹೆಚ್ಚಾಗಿ ಅವನನ್ನು ಅಲ್ಲಿ ಕೂರಿಸಿರುವ ವ್ಯವಸ್ಥೆಯಲ್ಲಿ.

ಬೇರೆ ಸೇವೆಗಳ ವಿಷಯದಲ್ಲಿ ಇದೇ ದೇಶ ಈ ತೊಡಕನ್ನು ಬಿಡಿಸಿಕೊಂಡಿದೆ. ಪೆಟ್ರೋಲಿಯಂ ಕೊಳವೆ ಮಾರ್ಗಗಳಿಗಾಗಿ 1962ರಲ್ಲೇ ಪ್ರತ್ಯೇಕ ಕಾಯ್ದೆ ಬಂತು. ಅದರಡಿ ಜಮೀನು ಮಾಲೀಕನ ಹೆಸರಿನಲ್ಲೇ ಉಳಿಯುತ್ತದೆ, ನೆಲದಡಿ ಕೊಳವೆ ಹಾಯಿಸುವ ಬಳಕೆಯ ಹಕ್ಕನ್ನಷ್ಟೇ ಸರ್ಕಾರ ಪಡೆಯುತ್ತದೆ. ದೂರಸಂಪರ್ಕ ಕೇಬಲ್‌ಗಳಿಗಾಗಿ 2016ರಲ್ಲಿ ಬಂದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಅವುಗಳ ಪ್ರಕಾರ ಅರ್ಜಿ ಕೊಟ್ಟ 60 ದಿನಗಳೊಳಗೆ ಪ್ರಾಧಿಕಾರ ಒಪ್ಪಬೇಕಿತ್ತು ಇಲ್ಲವೇ ಕಾರಣ ಬರೆದು ತಿರಸ್ಕರಿಸಬೇಕಿತ್ತು, ಎರಡೂ ಮಾಡದಿದ್ದರೆ ಅನುಮತಿ ಸಿಕ್ಕಿದೆ ಎಂದೇ ಅರ್ಥವಾಗುತ್ತಿತ್ತು. 2023ರ ದೂರಸಂಪರ್ಕ ಕಾಯ್ದೆ ಸಾರ್ವಜನಿಕ ಜಮೀನಿನ ಮೇಲಿನ ಈ ದಾರಿಯ ಹಕ್ಕನ್ನು ಕಾಯ್ದೆಯ ಮಟ್ಟಕ್ಕೇ ಏರಿಸಿತು. ಹೀಗೆ ಫೋನಿನ ತಂತಿಗೂ ಎಣ್ಣೆಯ ಕೊಳವೆಗೂ ಇರುವ ಹಕ್ಕು ಮಳೆನೀರಿಗೆ ಇಲ್ಲ. ಕೇಬಲ್ ಎಳೆಯುವುದು ತಡವಾದರೆ ಇಂಟರ್‌ನೆಟ್ ತಡವಾಗಿ ಬರುತ್ತದೆ, ಮೋರಿ ತಡವಾದರೆ ಜನರ ಮನೆ ಮುಳುಗುತ್ತದೆ. ಯಾವುದಕ್ಕೆ ಮೊದಲು ಗಡುವು ಇರಬೇಕಿತ್ತು?

ನಾನು ಕೇಳುತ್ತಿರುವ ಹಕ್ಕಿನ ಸ್ವರೂಪ ಹೀಗಿದೆ. ಕಾಲುವೆಯ ಹೊಣೆ ಹೊತ್ತ ಸ್ಥಳೀಯ ಸಂಸ್ಥೆ ಎಲ್ಲಿಂದ ಎಲ್ಲಿಗೆ, ಎಷ್ಟು ಅಗಲ, ಸೆಕೆಂಡಿಗೆ ಎಷ್ಟು ನೀರು ಎಂಬ ವಿವರಗಳೊಂದಿಗೆ ನಕ್ಷೆಯನ್ನು ಜಮೀನಿನ ಇಲಾಖೆಗೆ ಕಳಿಸುತ್ತದೆ. ಇಲಾಖೆ ಗಡುವಿನೊಳಗೆ ಒಪ್ಪಬೇಕು, ಇಲ್ಲವೇ ತನ್ನ ಜಮೀನಿನಲ್ಲೇ ಅಷ್ಟೇ ನೀರು ಹರಿಸಬಲ್ಲ ಬೇರೊಂದು ದಾರಿ ತೋರಿಸಬೇಕು. ಸುಮ್ಮನೆ ಬೇಡ ಎನ್ನುವಂತಿಲ್ಲ. ಜಮೀನಿನ ಬೆಲೆ, ಬಾಡಿಗೆ, ವಾರ್ಷಿಕ ವೇಲೀವ್ (ದಾರಿ ಬಳಕೆಯ) ಶುಲ್ಕ ಯಾವುದೂ ಇರಬಾರದು. ಒಂದು ಸಾರ್ವಜನಿಕ ಖಜಾನೆಯಿಂದ ತೆಗೆದು ಇನ್ನೊಂದಕ್ಕೆ ಹಾಕುವ ಹಣದಿಂದ ಜನರಿಗೆ ಏನೂ ಲಾಭವಿಲ್ಲ, ಆ ಚೌಕಾಶಿಯಲ್ಲಿ ಹೋಗುವ ಮಳೆಗಾಲಗಳೇ ನಷ್ಟ. ಕಾಮಗಾರಿಯ ವೆಚ್ಚವನ್ನು ಮಾತ್ರ ಕಾಲುವೆಯ ಸಂಸ್ಥೆ ಹೊರಲಿ. ಹೂಳೆತ್ತಲು ವರ್ಷಕ್ಕೆ ಎರಡು ಬಾರಿಯಾದರೂ ಒಳಗೆ ಹೋಗುವ ಹಕ್ಕು ಇದೇ ಹಕ್ಕಿನ ಪತ್ರದಲ್ಲಿ ಸೇರಬೇಕು, ಏಕೆಂದರೆ ಕಟ್ಟಿ ಮರೆತ ಮೋರಿ ಮೂರನೇ ವರ್ಷಕ್ಕೆ ಪ್ಲಾಸ್ಟಿಕ್ಕಿನಿಂದ, ಕಟ್ಟಡದ ಅವಶೇಷದಿಂದ ಅರ್ಧ ಮುಚ್ಚಿಹೋಗಿರುತ್ತದೆ. ಕೊನೆಯದಾಗಿ, ಈ ಹಕ್ಕು ಪಹಣಿಯಲ್ಲಿ ಹಕ್ಕು–ಋಣಗಳನ್ನು ಬರೆಯುವ ಅಂಕಣದಲ್ಲಿ ದಾಖಲಾಗಬೇಕು. ನಾಳೆ ಇಲಾಖೆ ಆ ಜಮೀನನ್ನು ಇನ್ನೊಬ್ಬರಿಗೆ ಕೊಟ್ಟರೂ, ಗುತ್ತಿಗೆಗೆ ಬಿಟ್ಟರೂ, ಅಲ್ಲಿ ಹೊಸ ಕಟ್ಟಡಕ್ಕೆ ಕೈ ಹಾಕಿದರೂ ನೀರಿನ ದಾರಿ ಅದರ ಜೊತೆಯಲ್ಲೇ ಹೋಗಬೇಕು. ಗ್ರಾಮ ನಕ್ಷೆಯಲ್ಲಿದ್ದ ಹಳ್ಳ ಕಾಂಪೌಂಡಿನೊಳಗೆ ಮಾಯವಾಗುವುದು ಈ ಒಂದು ಸಾಲು ಬರೆಯದೇ ಹೋದದ್ದರಿಂದ.

ಇದಕ್ಕೆ ಬರುವ ಮೊದಲ ಆಕ್ಷೇಪ ಭದ್ರತೆಯದು. ಸೇನೆಯ ಜಮೀನಿನಲ್ಲಿ, ವಿಮಾನ ನೆಲೆಯಲ್ಲಿ ಪಾಲಿಕೆಯ ಗುತ್ತಿಗೆದಾರರು ಓಡಾಡಲಾದೀತೇ ಎಂಬುದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ವಿನ್ಯಾಸದಲ್ಲಿದೆ. ಗಡಿಯಲ್ಲಿ ಕಬ್ಬಿಣದ ಜಾಲರಿ ಹಾಕಬಹುದು. ಒಳಗಿನ ಕಾಮಗಾರಿಯನ್ನೂ ಹೂಳೆತ್ತುವುದನ್ನೂ ಸೇನೆಯ ಎಂಜಿನಿಯರಿಂಗ್ ವಿಭಾಗವೇ ಮಾಡಿ ವೆಚ್ಚವನ್ನು ಪಡೆಯಬಹುದು. ಜಾಲರಿಗೆ ಕಸ ಸಿಕ್ಕಿ ನೀರು ಕಟ್ಟದಂತೆ ಅದರ ಹೊರಬದಿಯನ್ನು ಪಾಲಿಕೆ ದಿನವೂ ತೆರವು ಮಾಡಬೇಕು. ಹಕ್ಕು ನೀರಿಗೆ ಬೇಕಾಗಿದೆ, ಜನ ಒಳಗೆ ಹೋಗುವ ಹಕ್ಕು ಬೇರೆ ಮಾತು, ಅದನ್ನು ಎಷ್ಟು ಬಿಗಿ ಬೇಕಾದರೂ ಮಾಡಲಿ.

ನಿಜಕ್ಕೂ ತೂಕವಿರುವ ಆಕ್ಷೇಪ ಇನ್ನೊಂದು. ಮೇಲಿನ ಬಡಾವಣೆಯ ನೀರಿಗೆ ಅಗಲವಾದ ದಾರಿ ಮಾಡಿಕೊಟ್ಟರೆ ಅದು ಕೆಳಗಿನ ಬಡಾವಣೆಯನ್ನು ಮುಳುಗಿಸುವುದಿಲ್ಲವೇ? ಮುಳುಗಿಸಬಹುದು. ಬೆಂಗಳೂರು ದಿಬ್ಬದ ಮೇಲಿನ ಊರು, ಇಲ್ಲಿನ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ, ವೃಷಭಾವತಿ ಕಣಿವೆಗಳಲ್ಲಿ ಇಳಿದು ಹೊರಗೆ ಹೋಗಬೇಕು. 2022ರ ಸೆಪ್ಟೆಂಬರ್ 4–5ರ 24 ತಾಸುಗಳಲ್ಲಿ 131.6 ಮಿ.ಮೀ. ಮಳೆಯಾದಾಗ ಮಹದೇವಪುರ ವಲಯ ಮುಳುಗಿದ್ದಕ್ಕೆ ಒಂದು ಕಾರಣ, ಮೇಲಿನ ಕೆರೆಗಳೆಲ್ಲ ಒಟ್ಟಿಗೇ ಕೋಡಿ ಬಿದ್ದು ಅಷ್ಟೂ ನೀರು ಕೆಳಗೆ ಬಂದದ್ದು. ಆದ್ದರಿಂದಲೇ ಹಕ್ಕಿನ ಪತ್ರದಲ್ಲಿ ಸೆಕೆಂಡಿಗೆ ಎಷ್ಟು ನೀರು ಎಂಬ ಮಿತಿ ಇರಬೇಕು ಎಂದದ್ದು. ಆ ಮಿತಿಯನ್ನು ಒಂದು ಬಡಾವಣೆಯನ್ನಷ್ಟೇ ನೋಡಿ ಹೇಳಲಾಗದು, ಇಡೀ ಕಣಿವೆಯ ಲೆಕ್ಕದಿಂದ ನಿಗದಿಪಡಿಸಬೇಕು. ಮಿತಿ ಮೀರಿದ ನೀರನ್ನು ಮೇಲಿನವರು ತಮ್ಮಲ್ಲೇ ತಡೆದು ನಿಲ್ಲಿಸಬೇಕು: ಮಳೆಗಾಲಕ್ಕೆ ಮುಂಚೆ ತೂಬು ಎತ್ತಿ ಕೆರೆಯ ಮಟ್ಟ ತಗ್ಗಿಸುವುದು, ಆಟದ ಮೈದಾನಗಳನ್ನು ಒಂದೆರಡು ತಾಸು ನೀರು ಹಿಡಿಯುವಂತೆ ತಗ್ಗು ಮಾಡುವುದು, ಇಂಗುಗುಂಡಿ ತೋಡುವುದು. ಹಿಂದೆ ಊರಿನ ನೀರಗಂಟಿ ಮಾಡುತ್ತಿದ್ದುದೂ ಯಾವ ಕೆರೆಯಲ್ಲಿ ಎಷ್ಟು ನಿಲ್ಲಿಸಬೇಕು, ಯಾವಾಗ ಬಿಡಬೇಕು ಎಂಬ ಈ ಲೆಕ್ಕವನ್ನೇ. ಇನ್ನೊಂದು ಮಾತು: ಕೆಳಗಿನವರ ಭಯಕ್ಕೆ ಮೇಲಿನ ಮೋರಿಯನ್ನು ಇಕ್ಕಟ್ಟಾಗಿಯೇ ಬಿಡುವುದು ಮೇಲಿನವರ ಮನೆಗಳನ್ನೇ ಕೆರೆ ಮಾಡಿದಂತೆ. ಅಲ್ಲಿ ನೀರು ನಿಲ್ಲಿಸಬೇಕು ಎಂದು ಯಾರೂ ಯೋಚಿಸಿ ತೀರ್ಮಾನಿಸಿದ್ದಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಹರಿಯಬೇಕು ಎಂಬುದನ್ನು ತಿಳಿದವರು ಕೂತು ತೀರ್ಮಾನಿಸಬೇಕಾದರೆ ಮೊದಲು ದಾರಿಯ ಮೇಲೆ ಹಿಡಿತವಿರಬೇಕು.

ಮೂರನೆಯ ಭಯ ಬಿಲ್ಡರುಗಳದ್ದು. ಸಾರ್ವಜನಿಕ ಜಮೀನಿನಲ್ಲಿ ಕಾಲುವೆಗೆ ಹಕ್ಕು ಸಿಗುತ್ತದೆ ಎಂದಾದರೆ ತಮ್ಮ ಜಾಗದಲ್ಲಿರುವ ಹಳ್ಳವನ್ನು ಸರ್ಕಾರಿ ಜಾಗಕ್ಕೆ ತಳ್ಳಿ, ಖಾಲಿಯಾದ ನೆಲದಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸುತ್ತಾರೆ ಎನ್ನುವವರಿದ್ದಾರೆ. ಈ ಶಂಕೆಗೆ ಆಧಾರವಿದೆ. ಹಿಮಾಚಲದಲ್ಲಿ ಹೋಟೆಲೊಂದನ್ನು ಉಳಿಸಲು ಬಿಯಾಸ್ ನದಿಯ ಹರಿವನ್ನೇ ತಿರುಗಿಸಲು ಹೊರಟ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಸಾರ್ವಜನಿಕ ನ್ಯಾಸ ತತ್ವವನ್ನು ಎತ್ತಿಹಿಡಿದು, ಇಂಥ ಸಂಪತ್ತಿಗೆ ಸರ್ಕಾರ ಧರ್ಮದರ್ಶಿಯೇ ಹೊರತು ಬೇಕಾದವರಿಗೆ ಹಂಚುವ ಒಡೆಯನಲ್ಲ ಎಂಬ ನಿಲುವು ತಳೆಯಿತು. ಅದೇ ತತ್ವ ಇಲ್ಲಿಗೂ ಅನ್ವಯಿಸಲಿ. ಹಕ್ಕು ಸ್ಥಳೀಯ ಸಂಸ್ಥೆಗೆ ಮಾತ್ರ ಸಿಗಬೇಕು, ಯಾವ ಖಾಸಗಿ ವ್ಯಕ್ತಿಗೂ ಸಂಸ್ಥೆಗೂ ವರ್ಗವಾಗಬಾರದು. ಹಳೆಯ ಹಳ್ಳದ ದಾರಿ ಬದಲಿಸಲು ಇದನ್ನು ನೆಪ ಮಾಡುವಂತಿಲ್ಲ. ಕಾಲುವೆಯ ಮೇಲೆ ಕಾಂಕ್ರೀಟ್ ಹಾಸಿ ಪಾರ್ಕಿಂಗ್ ಮಾಡುವಂತೆಯೂ ಇಲ್ಲ. ಹರಿಯುವುದು ಮಳೆನೀರೇ ಆಗಿರಬೇಕು, ಕೊಳಚೆ ಸೇರಿದರೆ ಜಮೀನಿನ ಇಲಾಖೆ ದಂಡ ಹಾಕಿಸುವ ಅಧಿಕಾರ ಪಡೆಯಬೇಕು. ಬೆಳ್ಳಂದೂರು ಕೆರೆಯಲ್ಲಿ ನೊರೆ ಉಕ್ಕಿ ಬೆಂಕಿ ಹತ್ತಿದ್ದನ್ನು ಕಂಡವರು ಈ ಷರತ್ತನ್ನು ಅತಿ ಎನ್ನಲಾರರು.

ನ್ಯಾಯದ ಪ್ರಶ್ನೆಯೂ ಇಲ್ಲಿದೆ, ನನಗೆ ಅದು ಎಂಜಿನಿಯರಿಂಗ್‌ನಷ್ಟೇ ಮುಖ್ಯ. ಪ್ರತಿ ನೆರೆಯ ನಂತರ ಜೆಸಿಬಿ ಹೊರಡುತ್ತದೆ. ಕಾಲುವೆ ಪಕ್ಕದ ಶೆಡ್ಡು, ಸಾಲ ಮಾಡಿ ಕಟ್ಟಿದ 20X30 ಸೈಟಿನ ಮನೆ ಬೀಳುತ್ತವೆ. ಆ ಮನೆಗೆ ನಕ್ಷೆ ಮಂಜೂರು ಮಾಡಿದ್ದು, ವಿದ್ಯುತ್ ಸಂಪರ್ಕ ಕೊಟ್ಟದ್ದು, ತೆರಿಗೆ ಕಟ್ಟಿಸಿಕೊಂಡದ್ದು ಎಷ್ಟೋ ಸಲ ಸರ್ಕಾರಿ ಕಚೇರಿಗಳೇ. ಖಾಸಗಿ ಜಾಗದಲ್ಲಿ ಕಾಲುವೆ ಬಿಡಿಸಬೇಕಾದರೆ ನೋಟಿಸು, ತಡೆಯಾಜ್ಞೆ, ಪರಿಹಾರ, ಪುನರ್ವಸತಿ ಎಲ್ಲ ಬರುತ್ತವೆ. ಸಾರ್ವಜನಿಕ ಜಮೀನಿನಲ್ಲಿ ಯಾರ ಮನೆಯೂ ಬೀಳಬೇಕಿಲ್ಲ, ಒಂದು ಗೋಡೆಯ ಕೆಳಗೆ ಅಗಲವಾದ ಬಾಕ್ಸ್ ಕಲ್ವರ್ಟ್ ಕೂರಿಸಿದರೆ ಆಯಿತು. ಸುಲಭವಾದದ್ದನ್ನು, ತನ್ನ ಕೈಯಲ್ಲೇ ಇರುವುದನ್ನು ಬಿಟ್ಟು ಸರ್ಕಾರ ಮೊದಲು ಬಡವನ ಗೋಡೆಗೆ ಕೈ ಹಾಕುವುದು ಸರಿಯಲ್ಲ. ತನ್ನ ಜಮೀನಿನ ದಾರಿ ಬಿಡಿಸಿದ ಸರ್ಕಾರಕ್ಕೆ ಖಾಸಗಿ ಒತ್ತುವರಿ ತೆರವು ಮಾಡುವ ನೈತಿಕ ಬಲವೂ ಬರುತ್ತದೆ.

ಇದು ರಾಜಧಾನಿಯೊಂದರ ಗೋಳಲ್ಲ. ಮಂಗಳೂರಿನ ಕೊಟ್ಟಾರ ಚೌಕಿ, ಪಂಪ್‌ವೆಲ್ ಸುತ್ತಮುತ್ತ ಮಳೆಗಾಲದಲ್ಲಿ ಹೆದ್ದಾರಿ ಹೊಳೆಯಾಗುತ್ತದೆ. ಹುಬ್ಬಳ್ಳಿಯಲ್ಲಿ ಉಣಕಲ್ ನಾಲಾ ಊರ ನಡುವೆ ಹಾಯುವಲ್ಲೆಲ್ಲ ಒಂದಲ್ಲ ಒಂದು ತಡೆಗೆ ಸಿಕ್ಕಿಕೊಂಡಿದೆ. ರಾಜ್ಯದ ಎಲ್ಲೆಡೆ ಹೊಸ ಹೆದ್ದಾರಿಗಳು ಎತ್ತರದ ಮಣ್ಣಿನ ಏರಿಯ ಮೇಲೆ ಬರುತ್ತಿವೆ, ಏರಿಯ ಒಂದು ಬದಿಯ ಹೊಲದ ನೀರು ಇನ್ನೊಂದು ಬದಿಗೆ ದಾಟಬೇಕು. ಹೆದ್ದಾರಿ ಕಟ್ಟುವಾಗಲೇ ಈ ಹಕ್ಕು ದಾಖಲಾಗಿದ್ದರೆ ಆಮೇಲೆ ರಸ್ತೆ ಅಗೆಯುವ ಖರ್ಚು ಉಳಿಯುತ್ತದೆ.

ಕಾಯ್ದೆ ಮಾಡುವಾಗ ಒಂದು ತೊಡಕಿದೆ. ಸಂವಿಧಾನದ ರಾಜ್ಯಪಟ್ಟಿಯ 17ನೇ ನಮೂದಿನಲ್ಲಿ ನೀರು, ಚರಂಡಿ, ಒಡ್ಡುಗಳು ರಾಜ್ಯದ ವಿಷಯ. ಆದರೆ ರೈಲ್ವೆ, ರಕ್ಷಣಾ ಜಮೀನುಗಳು ಕೇಂದ್ರದ ಸ್ವತ್ತು, ಅಲ್ಲಿ ರಾಜ್ಯದ ಕಾಯ್ದೆ ಒಂದೇ ಸಾಲದು. ಹಾಗೆಂದು ಕೇಂದ್ರ ಒಪ್ಪುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಬಿಡಿಎ, ಕೆಐಎಡಿಬಿ, ಲೋಕೋಪಯೋಗಿ, ವಿಶ್ವವಿದ್ಯಾಲಯಗಳು, ನಿಗಮಗಳು ಎಲ್ಲ ರಾಜ್ಯದ ಮಾತು ಕೇಳಬೇಕಾದವೇ, ಅಲ್ಲಿಂದ ಶುರುವಾಗಲಿ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಐದು ಪಾಲಿಕೆಗಳಾಗಿ ಹಂಚಿಹೋದ ಮೇಲೆ ಒಂದೇ ಕಾಲುವೆ ಎರಡು ಮೂರು ಪಾಲಿಕೆಗಳನ್ನು ದಾಟುವಂತಾಗಿದೆ. ಗ್ರೇಟರ್ ಬೆಂಗಳೂರು ಪ್ರಾಧಿಕಾರ ಹಳೆಯ ಗ್ರಾಮ ನಕ್ಷೆಗಳನ್ನು ಇಂದಿನ ಜಮೀನಿನ ದಾಖಲೆಯ ಮೇಲಿಟ್ಟು, ಯಾವ ಇಲಾಖೆಯ ಜಾಗದಲ್ಲಿ ಯಾವ ಕಾಲುವೆ ಕಟ್ಟಿಕೊಂಡಿದೆ ಎಂಬ ಪಟ್ಟಿಯನ್ನು ಜನರ ಮುಂದಿಡಬೇಕು, ಒಂದೊಂದರ ಮುಂದೆಯೂ ಇಲಾಖೆಯ ಹೆಸರು, ಪತ್ರ ಬರೆದ ದಿನ, ಉತ್ತರ ಬಂದ ದಿನ ಇರಬೇಕು. ಕೇಂದ್ರದ ಜಮೀನುಗಳ ಮಟ್ಟಿಗೆ ರಾಜ್ಯ ಸರ್ಕಾರ ರೈಲ್ವೆ ಕಾಯ್ದೆಯ 17ನೇ ಕಲಮಿನಡಿ ಇಕ್ಕಟ್ಟಿನ ವೆಂಟ್‌ಗಳಿಗೆಲ್ಲ ಒಟ್ಟಿಗೆ ಬೇಡಿಕೆ ಸಲ್ಲಿಸಿ, ವೆಚ್ಚದ ಹಣವನ್ನು ಮುಂಗಡವಾಗಿಯೇ ಬಜೆಟ್ಟಿನಲ್ಲಿ ತೆಗೆದಿಡಲಿ. ದುಡ್ಡಿನ ಮಾತು ಮೊದಲೇ ಇತ್ಯರ್ಥವಾದರೆ ಆಕ್ಷೇಪ ಎತ್ತಲು ಉಳಿಯುವುದು ತಾಂತ್ರಿಕ ಕಾರಣಗಳು ಮಾತ್ರ, ಅವುಗಳನ್ನು ಎಂಜಿನಿಯರುಗಳು ಒಂದೇ ಬೇಸಿಗೆಯಲ್ಲಿ ಬಗೆಹರಿಸಬಲ್ಲರು.